ಮನೆ ತೆರಿಗೆಯ ಕ್ಯೂನಲ್ಲಿ ರಾಹುಕಾಲ

ಆಣೆ ಹೋಗಿ ನಯಾ ಪೈಸೆ ಬಂದ ೧೯೫೭ನೇ ಇಸವಿ ಮುಂಬಯಿಯಲ್ಲಿದ್ದವರಿಗೆ ನೆನಪಿರಬಹುದು. ಮಾರ್ಚ್ ತಿಂಗಳ ಕೊನೆ. ಹಳೆ ಚಿಲ್ಲರೆ ಇನ್ನು ನಡೆಯುತ್ತದೋ ಇಲ್ಲವೋ ಎಂದು ತರಕಾರಿಯವಳಿಂದ ಹಿಡಿದು ಬಸ್ಸಿನ ಕಂಡಕ್ಟರನ ತನಕ ಎಲ್ಲರೂ ಜಗಳವಾಡುತ್ತಿದ್ದರು. ನನ್ನ ತಲೆಯಲ್ಲಿ ಮಾತ್ರ ಬೇರೆ ಚಿಂತೆ. ಆ ವರ್ಷದ ಸಂಕ್ರಾಂತಿ ಕಳೆದ ವಾರದಲ್ಲಿ ನನ್ನ ಯಜಮಾನರು ತೀರಿಹೋಗಿದ್ದರು. ಅವರು ಬಿಟ್ಟುಹೋದ ಮನೆಯ ಮುನಿಸಿಪಾಲಿಟಿ ತೆರಿಗೆ ಕಟ್ಟಲು ತಿಂಗಳ ಕೊನೆಯೇ ಗಡುವು.

ನಾನು ಉಡುಪಿಯ ಕಡೆಯವಳು. ಮದುವೆಯಾಗಿ ಮುಂಬಯಿಗೆ ಬಂದಾಗ ರೈಲು ಹತ್ತಲೂ ಹೆದರುತ್ತಿದ್ದೆ. ಯಜಮಾನರು ಕೋಟೆ ಕಡೆಯ ಒಂದು ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದರು. ಅವರ ಸಂಬಳದಲ್ಲಿ ಊಟಕ್ಕೆ ಕೊರತೆ ಇರಲಿಲ್ಲ, ಉಳಿತಾಯ ಮಾತ್ರ ಆಗುತ್ತಿರಲಿಲ್ಲ. ನಾನು ಉದ್ದಿನ ಹಪ್ಪಳ ಮಾಡಿ ಡಬ್ಬಿಯಲ್ಲಿ ತುಂಬಿಕೊಂಡು ಮಾಟುಂಗದ ಹೋಟೆಲುಗಳಿಗೆ ಒಯ್ಯಲು ಶುರುಮಾಡಿದೆ. ಹೋಟೆಲಿನವರು ಊರಿನವರೇ ಆದರೂ ದರದ ವಿಷಯದಲ್ಲಿ ಊರು ಕೇರಿ ನೋಡುವವರಲ್ಲ. ಅವರಿಂದಲೇ ನಾನು ವ್ಯಾಪಾರ ಕಲಿತೆ. ಹೇಳಿದ ದರಕ್ಕೆ ಒಪ್ಪದೆ ಡಬ್ಬಿ ಮುಚ್ಚಿ ಎದ್ದು ನಿಲ್ಲಬೇಕು, ಆದರೆ ಬಾಗಿಲ ತನಕ ನಿಧಾನವಾಗಿ ನಡೆಯಬೇಕು. ಇದನ್ನು ತಿಳಿದವರು ಯಾವ ಊರಿನಲ್ಲೂ ಬದುಕಬಹುದು.

ಹಾಗೆ ಅವರ ಸಂಬಳ ಅರ್ಧ, ನನ್ನ ಹಪ್ಪಳ ಅರ್ಧ ಸೇರಿ ವಿಲೆ ಪಾರ್ಲೆಯಲ್ಲಿ ಎರಡು ಕೋಣೆಯ ಒಂದು ಹೆಂಚಿನ ಮನೆ ನಮ್ಮದಾಯಿತು. ಹಿಂದೆ ಬಾವಿ, ಹಪ್ಪಳ ಒಣಗಿಸಲು ಅಂಗಳ. ಪತ್ರ ಅವರ ಒಬ್ಬರ ಹೆಸರಿನಲ್ಲೇ ಆಯಿತು. ಓದುವ ಅಕ್ಕತಂಗಿಯರು ಇದನ್ನು ಗಮನಿಸಬೇಕು. ಮನೆ ಕೊಳ್ಳುವಾಗ ಇಬ್ಬರ ಹೆಸರೂ ಹಾಕಿಸಿ. ಗಂಡನ ಮೇಲೆ ನಂಬಿಕೆ ಇಲ್ಲವಾ ಎಂದು ಯಾರಾದರೂ ನಕ್ಕರೆ ನಗಲಿ.

ಅವರ ಕಾಯಿಲೆ ಎರಡು ವರ್ಷ ಹಿಡಿಯಿತು. ಆ ಎರಡು ವರ್ಷ ದುಡ್ಡೆಲ್ಲ ಡಾಕ್ಟರ ಕಡೆಗೆ ಹೋಯಿತು, ತೆರಿಗೆ ಹಾಗೇ ಉಳಿಯಿತು. ಅವರು ಹೋದ ಮೇಲೆ ಬಂದ ನೋಟೀಸಿನಲ್ಲಿ ಮಾರ್ಚ್ ಕೊನೆಯೊಳಗೆ ಕಟ್ಟದಿದ್ದರೆ ಜಪ್ತಿ ಎಂದು ಬರೆದಿತ್ತು. ಅಂಧೇರಿಯ ವಾರ್ಡ್ ಕಚೇರಿಗೆ ಹೋಗಿ ಸ್ವಲ್ಪ ಸಮಯ ಕೇಳಿದೆ. ಗುಮಾಸ್ತ ಕೆಟ್ಟವನಲ್ಲ. "ಬಾಯಿ, ಇದು ಮೂರನೇ ನೋಟೀಸು. ನನ್ನ ಕೈಯಲ್ಲಿ ಏನೂ ಇಲ್ಲ" ಎಂದ. ಆಮೇಲೆ ಒಂದು ಉಪಕಾರದ ಮಾತು ಹೇಳಿದ. "ಮೂವತ್ತೊಂದನೇ ತಾರೀಕು ಭಾನುವಾರ ಬಂದಿದೆ, ನೋಡಿಕೊಳ್ಳಿ. ಶನಿವಾರ ಮಧ್ಯಾಹ್ನ ಹನ್ನೆರಡಕ್ಕೆ ಕಿಟಕಿ ಮುಚ್ಚಿದರೆ ಮುಗಿಯಿತು."

ಮನೆ ಹೋದರೆ ನನಗೆ ಏನು ಗತಿ ಎಂಬುದು ನನ್ನ ಕಣ್ಣೆದುರಿಗೇ ಕೂತಿತ್ತು. ಯಜಮಾನರ ಅಕ್ಕ ಸುಂದರಿ ಅತ್ತಿಗೆ ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ಊರಿನಲ್ಲಿ ಮೈದುನನ ಮನೆಯ ಅಡುಗೆಕೋಣೆಯಲ್ಲಿ ಮೂವತ್ತು ವರ್ಷ ಕಳೆದವರು. ತಮ್ಮನ ಉತ್ತರಕ್ರಿಯೆಗೆ ಬಂದವರು ನನ್ನ ಜೊತೆಗೇ ಉಳಿದಿದ್ದರು. ನಮಗೆ ಮಕ್ಕಳಿಲ್ಲ. ಊರಿನಿಂದ ಯಜಮಾನರ ತಮ್ಮ ಆಗಲೇ ಕಾಗದ ಹಾಕಿದ್ದ, ಮನೆ ಮಾರಿ ಊರಿಗೆ ಬನ್ನಿ, ಒಂದು ಮೂಲೆಯಲ್ಲಿ ಇರಬಹುದು ಎಂದು. ಆ ಮೂಲೆ ಎಂಥದೆಂದು ಅತ್ತಿಗೆಯನ್ನು ನೋಡಿದರೆ ತಿಳಿಯುತ್ತಿತ್ತು. ಅವರು ಕುಡಿಯುವ ನೀರನ್ನೂ ಕೇಳಿ ಕುಡಿಯುತ್ತಿದ್ದರು, ನನ್ನ ಮನೆಯಲ್ಲಿಯೂ.

ನಾನು ಒಂದು ಉಪಾಯ ಮಾಡಿದೆ. ಮಾಟುಂಗದಲ್ಲಿ ನನ್ನ ಹಪ್ಪಳ ಕೊಳ್ಳುವ ಹೋಟೆಲಿನ ಧಣಿಗೆ ಒಂದು ಬಿಲ್ಡಿಂಗಿನ ಎರಡನೇ ಮಾಳಿಗೆಯಲ್ಲಿ ಸಾಮಾನು ಇಡುವ ಒಂದು ಖೋಲಿ ಇತ್ತು. ಸಣ್ಣ ಬಾಡಿಗೆಗೆ ಅದನ್ನು ಕೇಳಿ ಪಡೆದೆ. ಪಾರ್ಲೆಯ ಮನೆಯನ್ನು ಬಾಡಿಗೆಗೆ ಕೊಟ್ಟು, ಮುಂಗಡ ಹಣದಲ್ಲಿ ತೆರಿಗೆ ಕಟ್ಟುವುದು, ತಿಂಗಳ ಬಾಡಿಗೆಯಲ್ಲಿ ಮುಂದಿನ ತೆರಿಗೆ ಕೂಡಿಡುವುದು, ನಾವಿಬ್ಬರು ಹಪ್ಪಳದ ಮೇಲೆ ಬದುಕುವುದು. ಬ್ಯಾಂಕಿನಲ್ಲಿ ಕೆಲಸ ಮಾಡುವ ಜೋಶಿ ಎಂಬ ಮರಾಠಿಯವರು ಮನೆ ನೋಡಿ ಒಪ್ಪಿದರು. ತಿಂಗಳ ಕೊನೆಗೆ ಹಣ ಕೊಟ್ಟು ಕೀಲಿ ತೆಗೆದುಕೊಳ್ಳುತ್ತೇವೆ ಎಂದರು.

ಅತ್ತಿಗೆಗೆ ಇದು ಒಂದಿಷ್ಟೂ ಇಷ್ಟವಿರಲಿಲ್ಲ.

"ವರ್ಷ ಕಳೆಯದೆ ಮನೆ ಬಿಡುದಾ ಕಮಲಾ? ತಮ್ಮ ತಿಂಗಳು ತಿಂಗಳು ಮಾಸಿಕಕ್ಕೆ ಬಂದು ಇಲ್ಲಿ ಯಾರನ್ನು ಕರೆಯುದು?"

"ಅತ್ತಿಗೆ, ಮನೆಯೇ ಹೋದರೆ ಅವರು ಎಲ್ಲಿಗೆ ಬರುದು?"

"ನಿನಗೆ ಎಲ್ಲದಕ್ಕೂ ಒಂದು ಮಾತು ಉಂಟು" ಎಂದು ಅವರು ಆ ಕಡೆ ತಿರುಗಿ ಕೂತರು. ನನಗೂ ಒಳಗೆ ಏನೋ ಆಯಿತು. ಆದರೆ ಅಳಲು ಪುರುಸೊತ್ತು ಇರಲಿಲ್ಲ. ಯಜಮಾನರು ಹೋದ ಮೇಲೆ ನಾನು ಸರಿಯಾಗಿ ಅತ್ತಿರಲೇ ಇಲ್ಲ.

ಶುಕ್ರವಾರ ಬೆಳಿಗ್ಗೆ, ಮರುದಿನದ ವ್ಯವಸ್ಥೆ ಖಚಿತ ಮಾಡಿಕೊಳ್ಳೋಣ ಎಂದು ಜೋಶಿಯವರ ಮನೆಗೆ ಹೋದೆ. ಅವರು ಬಾಗಿಲಲ್ಲೇ ತಲೆ ಕೆರೆದುಕೊಂಡು ನಿಂತರು. ಒಳಗಿನಿಂದ ಅವರ ತಾಯಿ ಬಂದರು.

"ನಾಡಿದ್ದು ಅಮಾವಾಸ್ಯೆ. ಅದರ ಹತ್ತಿರ ಹತ್ತಿರ ಯಾರಾದರೂ ಮನೆಯ ಕೀಲಿ ಮುಟ್ಟುತ್ತಾರಾ? ಸೋಮವಾರ ಪಾಡವಾ, ಯುಗಾದಿ. ಬಾಗಿಲಲ್ಲಿ ಗುಡಿಯ ಕೋಲು ಏರಿಸಿಯೇ ಒಳಗೆ ಬರುತ್ತೇವೆ. ಹಣವೂ ಅವತ್ತೇ" ಎಂದರು ಮರಾಠಿಯಲ್ಲಿ.

"ಆಜೀ, ಸೋಮವಾರ ಕೊಟ್ಟರೆ ನನ್ನ ಉಪಯೋಗಕ್ಕೆ ಬರುವುದಿಲ್ಲ. ನಾಳೆ ಮಧ್ಯಾಹ್ನಕ್ಕೆ ಕಚೇರಿ ಮುಚ್ಚುತ್ತದೆ. ಕೀಲಿ ಬೇಡ, ಹಣ ಮಾತ್ರ ಕೊಡಿ, ಒಂದು ತಿಂಗಳ ಬಾಡಿಗೆ ಬಿಡುತ್ತೇನೆ."

ನಾನು ಒಂದು ತಿಂಗಳು ಬಿಡುತ್ತೇನೆ ಎಂದು ಮೊದಲ ಮಾತಿಗೇ ಹೇಳಿದ್ದು ಅದೇ ಮೊದಲು. ಗಾಬರಿಯಲ್ಲಿ ವ್ಯಾಪಾರ ಮಾಡಬಾರದು. ಎದುರಿನವರಿಗೆ ವಾಸನೆ ಹೊಡೆಯುತ್ತದೆ. ಮುದುಕಿ ನನ್ನ ಹಣೆಯನ್ನು ನೋಡಿದರು, ಕೈಯನ್ನು ನೋಡಿದರು. ಬಳೆ ಇಲ್ಲ, ಕುಂಕುಮ ಇಲ್ಲ. ಒಳಗೆ ಹೋಗಿಬಿಟ್ಟರು. ಜೋಶಿಯವರು ಮಾತ್ರ, "ತಾಯಿಯ ಮಾತು, ನಾನೇನು ಮಾಡಲಿ? ನಿಮಗೆ ಬೇರೆ ಯಾರಾದರೂ ಸಿಕ್ಕರೆ ಕೊಟ್ಟುಬಿಡಿ, ನನಗೆ ಬೇಸರ ಇಲ್ಲ" ಎಂದರು.

ಒಂದು ದಿನದಲ್ಲಿ ಬೇರೆ ಯಾರು ಸಿಗುತ್ತಾರೆ? ಅವರ ಮಾತು ತಪ್ಪೆಂದು ನನಗೆ ಅನಿಸಲೂ ಇಲ್ಲ. ನಮ್ಮಲ್ಲಿಯೂ ಅಮಾವಾಸ್ಯೆಗೆ ಯಾರೂ ಒಳ್ಳೆಯ ಕೆಲಸದ ಮಾತೆತ್ತುವುದಿಲ್ಲ. ಅದೂ ನನ್ನಂಥವಳು ಎತ್ತಿದರೆ ಬಾಯಿಗೆ ಹೊಡೆದ ಹಾಗೆ ಉತ್ತರ ಬರುತ್ತದೆ. ಹಾಗಾಗಿ ಇನ್ನೊಬ್ಬರನ್ನು ಕೇಳುವ ಯೋಚನೆಯನ್ನೇ ಬಿಟ್ಟು ಮಾಟುಂಗಕ್ಕೆ ಹೊರಟೆ. ಖೋಲಿಯ ಧಣಿಗೆ, ಬರುವುದು ತಡವಾಗುತ್ತದೆ ಎಂದು ಹೇಳಬೇಕಿತ್ತು. ಬಹುಶಃ ಬರುವುದೇ ಇಲ್ಲ ಎಂದು ಹೇಳಬೇಕಿತ್ತು.

ಧಣಿ ಇರಲಿಲ್ಲ. ಕೀಲಿ ನನ್ನ ಹತ್ತಿರ ಇತ್ತು. ಖೋಲಿಯ ಬಾಗಿಲು ತೆಗೆದು ಗೋಣಿಚೀಲದ ಮೇಲೆ ಸುಮ್ಮನೆ ಕೂತೆ. ಪಕ್ಕದ ಖೋಲಿಯಿಂದ ಒಂಬತ್ತು ಗಜದ ಸೀರೆ ಉಟ್ಟ, ಮೂಗಿನ ಎರಡೂ ಕಡೆ ಬೇಸರಿ ಇಟ್ಟ ಒಬ್ಬ ಹೆಂಗಸು ಇಣುಕಿದರು. ಬಿಲ್ಡಿಂಗಿನವರೆಲ್ಲ ಅವರನ್ನು ಮಾಮಿ ಎನ್ನುತ್ತಿದ್ದರು. ತಮಿಳಿನವರು, ಆದರೆ ಹುಟ್ಟಿ ಬೆಳೆದದ್ದು ಬೆಂಗಳೂರಿನಲ್ಲಿ.

"ಏನಮ್ಮಾ, ಹೊಸ ಖೋಲಿಗೆ ಬಂದು ಮುಖ ಹೀಗೆ ಮಾಡ್ಕೊಂಡು ಕೂತಿದ್ದೀಯ? ಇಲಿ ಇದೆಯಾ?"

ಅಪರಿಚಿತರಿಗೆ ಮನೆಯ ಮಾತು ಹೇಳುವವಳಲ್ಲ ನಾನು. ಅವತ್ತು ಹೇಳಿಬಿಟ್ಟೆ. ಮನೆ, ತೆರಿಗೆ, ಜೋಶಿಯವರ ತಾಯಿ, ಎಲ್ಲ. ಮಾಮಿ ಬಾಗಿಲಿಗೆ ಒರಗಿ ಕೇಳುತ್ತಿದ್ದವರು ನಡುವೆಯೇ ತಡೆದರು.

"ನಿಲ್ಲು ನಿಲ್ಲು. ಮನೆ ಎಲ್ಲಿ ಅಂದೆ? ಬಾವಿ ಇದೆಯಾ? ಹಿಂದೆ ಅಂಗಳ ಇದೆಯಾ?"

"ಉಂಟು."

"ಒಂದು ವರ್ಷದಿಂದ ಬಾವಿ ಇರೋ ಮನೆ ಹುಡುಕ್ತಿದ್ದೀನಮ್ಮಾ. ಮಗನಿಗೆ ಮದುವೆ ಗೊತ್ತಾಗಿದೆ. ಬರೋ ಸೊಸೆಯನ್ನ ಈ ಒಂದು ಖೋಲಿಯಲ್ಲಿ ಎಲ್ಲಿ ಮಲಗಿಸಲಿ, ಅಟ್ಟದ ಮೇಲಾ? ಮೊನ್ನೆ ಒಂದು ಮನೆ ಕೈಗೆ ಬಂದು ತಪ್ಪಿಹೋಯ್ತು. ದುಡ್ಡು ಹಾಗೇ ಇದೆ."

ನಾನು ಗೋಣಿಚೀಲದಿಂದ ಎದ್ದೆ. ಆದರೂ ಬಾಯಿಗೆ ಬಂದದ್ದು ಬೇರೆ. "ಆದರೆ ಮಾಮಿ, ನಾಡಿದ್ದು ಅಮಾವಾಸ್ಯೆ."

"ಅದಕ್ಕೇನು?"

"ಅಮಾವಾಸ್ಯೆಗೆ ಹೇಗೆ..."

ಮಾಮಿ ನಕ್ಕರು. "ಅಯ್ಯೋ, ನಮಗೆ ಅದು ನಿರಂಜ ಅಮಾವಾಸೈ. ತುಂಬಿದ ದಿನ ಅಂತ ಅರ್ಥ. ಹಿರಿಯರು ಬಂದು ಆಶೀರ್ವಾದ ಮಾಡೋ ದಿನ. ನಾವು ಅಂಗಡಿ ತೆಗೆಯೋದು ಅವತ್ತೇ, ಹೊಸ ಮನೆಯಲ್ಲಿ ಹಾಲು ಕಾಯಿಸೋದೂ ಅವತ್ತೇ. ಇಷ್ಟು ವರ್ಷ ಮಾಟುಂಗಕ್ಕೆ ಹಪ್ಪಳ ಮಾರಿದ್ದೀಯ, ಇದು ಗೊತ್ತಿಲ್ಲವಾ?"

ಗೊತ್ತಿರಲಿಲ್ಲ. ನೂರಾರು ತಮಿಳರ ನಡುವೆ ಓಡಾಡಿಯೂ, ಎಲ್ಲರಿಗೂ ನಮ್ಮ ಅಮಾವಾಸ್ಯೆಯೇ ಎಂದುಕೊಂಡಿದ್ದೆ. ಕೇಳದೆಯೇ ಇಲ್ಲ ಎಂದು ತೀರ್ಮಾನಿಸಿ ಎದ್ದು ಹೋಗುತ್ತಿದ್ದೆನಲ್ಲ, ಅದನ್ನು ನೆನೆದರೆ ಈಗಲೂ ಬೆವರು ಬರುತ್ತದೆ.

ಮಾಮಿ ಆ ಕ್ಷಣವೇ ಗಂಡನನ್ನು ಎಬ್ಬಿಸಿದರು. ಮಾಮಾ ರೈಲ್ವೆಯ ಲೆಕ್ಕದ ಕಚೇರಿಯಲ್ಲಿದ್ದು ನಿವೃತ್ತರಾದವರು. ಮೂವರೂ ಮಾಟುಂಗ ರೋಡಿನಲ್ಲಿ ಲೋಕಲ್ ಹಿಡಿದು ಪಾರ್ಲೆಗೆ ಬಂದೆವು. ಮಾಮಿ ಬಾವಿಯ ನೀರು ಸೇದಿ ಕುಡಿದು ನೋಡಿದರು. ಅಂಗಳದಲ್ಲಿ ನಿಂತು ಸೂರ್ಯ ಯಾವ ಕಡೆ ಎಂದು ನೋಡಿದರು. ಒಳಗೆ ಬಂದವರು ಯಜಮಾನರ ಕೋಣೆಯ ಬಾಗಿಲಲ್ಲಿ ನಿಂತರು.

"ಇಲ್ಲೇನಾ?"

"ಹೌದು."

"ತಪ್ಪು ತಿಳ್ಕೋಬೇಡ. ಅವರು ಹೋದಾಗ ನಕ್ಷತ್ರ ಯಾವುದಿತ್ತು?"

ಕೆಲವು ನಕ್ಷತ್ರಗಳಲ್ಲಿ ಸಾವಾದರೆ ಆ ಮನೆಯನ್ನು ತಿಂಗಳುಗಟ್ಟಲೆ ಮುಚ್ಚಿಡಬೇಕು ಎಂಬುದು ಅವರಲ್ಲಿಯೂ ಉಂಟು, ನಮ್ಮಲ್ಲಿಯೂ ಉಂಟು. ಮೂರು ತಿಂಗಳೊಳಗೆ ಮನೆ ಬಿಡುವ ಹೆಂಗಸನ್ನು ನೋಡಿದರೆ ಯಾರಿಗಾದರೂ ಆ ಅನುಮಾನ ಬರುತ್ತದೆ. ನನಗೆ ನಕ್ಷತ್ರ ಗೊತ್ತಿರಲಿಲ್ಲ. ಆ ದಿನ ನನಗೆ ಯಾವುದೂ ಗೊತ್ತಿರಲಿಲ್ಲ. ಗೊತ್ತಿದ್ದವರು ಒಬ್ಬರೇ, ಭಟ್ಟರನ್ನು ಕರೆಸಿ ಕೇಳಿದ್ದ ಅತ್ತಿಗೆ. ಅವರು ಮೂಲೆಯಲ್ಲಿ ಅಕ್ಕಿ ಆರಿಸುತ್ತಾ ಕೂತಿದ್ದರು. ಮನೆ ಬಿಡುವುದು ಅವರಿಗೆ ಬೇಡವಾಗಿತ್ತು. ಒಂದು ಮಾತು ತಡವರಿಸಿದರೂ ಸಾಕು, ಮಾಮಿ ಬಂದ ದಾರಿ ಹಿಡಿಯುತ್ತಿದ್ದರು. ನಾನು ಅವರ ಕಡೆ ನೋಡಲೂ ಹೆದರಿದೆ.

ಅತ್ತಿಗೆ ಮೊರ ಕೆಳಗಿಟ್ಟರು. "ಸ್ವಾತಿ" ಎಂದರು. "ದೋಷ ಎಂತದೂ ಇಲ್ಲ. ಭಟ್ಟರು ಎರಡು ಸಲ ನೋಡಿ ಹೇಳಿದ್ದು. ನೀವು ಧೈರ್ಯವಾಗಿ ಬನ್ನಿ." ಸ್ವಲ್ಪ ತಡೆದು, "ನಮ್ಮ ತಮ್ಮ ಬಂದರೆ ಮಾತ್ರ..." ಎಂದು ಅಲ್ಲಿಗೇ ನಿಲ್ಲಿಸಿದರು.

ಮಾಮಿಗೆ ಅದು ಅರ್ಥವಾದ ರೀತಿ ನನಗೆ ಆಶ್ಚರ್ಯ. "ಬರಲಿ ಅಕ್ಕಾ. ಪ್ರತಿ ಅಮಾವಾಸ್ಯೆಗೆ ನಾನು ಕಾಗೆಗೆ ಅನ್ನ ಇಡ್ತೀನಿ. ಅವರಿಗೂ ಒಂದು ತುತ್ತು ಸೇರಿಸ್ತೀನಿ. ನಿಮ್ಮವರನ್ನ ನೋಡಬೇಕಾದರೆ ಮಾಟುಂಗ ರೋಡ್ ಸ್ಟೇಷನ್ನಲ್ಲಿ ಇಳೀಬೇಕು, ಎರಡನೇ ಮಾಳಿಗೆ ಅಂತ ಹೇಳಿ ಕಳಿಸ್ತೀನಿ."

ಅತ್ತಿಗೆ ತಮ್ಮ ಸತ್ತ ಮೇಲೆ ಮೊದಲ ಸಲ ನಕ್ಕರು.

ಮುಂಗಡ ಅವತ್ತೇ ಕೊಡಿ ಎಂದೆ. ಅಷ್ಟರಲ್ಲಿ ಸಂಜೆಯಾಗಿತ್ತು. ಶುಕ್ರವಾರ ದೀಪ ಹಚ್ಚಿದ ಮೇಲೆ ಹಣ ಹೊರಗೆ ಕೊಡುವುದಿಲ್ಲ ಎಂದರು ಮಾಮಾ. ಅದು ನಮ್ಮಲ್ಲಿಯೂ ಇಲ್ಲ, ಆದ್ದರಿಂದ ವಾದಿಸಲಿಲ್ಲ. ಮರುದಿನ ಬೆಳಿಗ್ಗೆ ಎಂಟೂವರೆಗೆ ಹಣ ಹಿಡಿದು ಮನೆಗೇ ಬರುತ್ತೇನೆ, ಅಷ್ಟರಲ್ಲಿ ಮನೆ ಖಾಲಿಯಾಗಿರಬೇಕು, ಭಾನುವಾರ ಹಾಲು ಕಾಯಿಸಬೇಕು ಎಂದರು.

ಆ ಗಡಿಬಿಡಿಯಲ್ಲೂ ನಾನು ಒಂದು ಲಾಭ ಮಾಡಿಕೊಂಡೆ. ಒಂದು ಲಾರಿ ಗೊತ್ತುಮಾಡಿ, ಹೋಗುವಾಗ ನನ್ನ ಸಾಮಾನು, ಬರುವಾಗ ಮಾಮಿಯ ಸಾಮಾನು ಎಂದು ಹೇಳಿ ಬಾಡಿಗೆಯನ್ನು ಇಬ್ಬರಿಗೂ ಅರ್ಧ ಮಾಡಿದೆ. ಮನೆ ಬದಲಿಸುವವರು ಲಾರಿ ಖಾಲಿ ಹಿಂತಿರುಗುವುದಕ್ಕೂ ತಾವೇ ದುಡ್ಡು ಕೊಡುತ್ತಾರೆ ಎಂಬುದನ್ನು ಮರೆಯುತ್ತಾರೆ. ಇನ್ನೊಂದು ಮಾತು. ಅರೆಯುವ ಕಲ್ಲನ್ನು ಮೊದಲು ಏರಿಸಿ. ಕೊನೆಗೆ ಉಳಿಸಿದರೆ ಕೂಲಿಯವರು ಅದಕ್ಕೆ ಬೇರೆ ಲೆಕ್ಕ ಹೇಳುತ್ತಾರೆ.

ಶನಿವಾರ ಬೆಳಿಗ್ಗೆ ಎಂಟರೊಳಗೆ ಸಾಮಾನು ಏರಿತು. ಕಲ್ಲು, ಹಪ್ಪಳದ ಮಣೆಗಳು, ಭರಣಿಗಳು, ಎರಡು ಪೆಟ್ಟಿಗೆ. ಯಜಮಾನರ ಆರಾಮಕುರ್ಚಿಯನ್ನು ಕೂಲಿಯವನು ತಲೆಯ ಮೇಲೆ ಹೊತ್ತು ಅಂಗಳ ದಾಟುವಾಗ ನಾನು ಬೇಕೆಂದೇ ಬಾವಿಯ ಕಡೆ ನೋಡಿದೆ. ಅತ್ತಿಗೆ ದೇವರ ಪೆಟ್ಟಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಡ್ರೈವರನ ಪಕ್ಕ ಕೂತರು. ಲಾರಿ ಹೋಯಿತು. ನಾನು ಬರಿದಾದ ಮನೆಯ ಮೆಟ್ಟಿಲಲ್ಲಿ ಕೂತೆ.

ಎಂಟೂವರೆ ಆಯಿತು. ಮಾಮಾ ಇಲ್ಲ. ಒಂಬತ್ತಾಯಿತು, ಇಲ್ಲ. ಒಂಬತ್ತು ದಾಟಿದ ಮೇಲೆ ನನಗೆ ಕೂರಲಾಗಲಿಲ್ಲ. ಸಾಮಾನು ಹೋಗಿದೆ, ಹಣ ಬಂದಿಲ್ಲ, ಕೈಯಲ್ಲಿ ಒಂದು ಚೀಟಿಯೂ ಇಲ್ಲ. ಗುರುತಿಲ್ಲದವರ ಬಾಯಿಮಾತು ನಂಬಿ ಮನೆ ಖಾಲಿ ಮಾಡಿದೆನಲ್ಲ! ಇನ್ನೊಬ್ಬಳು ಹೀಗೆ ಮಾಡಿದ್ದರೆ ನಾನೇ ಬುದ್ಧಿ ಹೇಳುತ್ತಿದ್ದೆ. ಬಾಗಿಲಿಗೆ ಬೀಗ ಹಾಕಿ ಸ್ಟೇಷನ್ನಿಗೆ ಓಡಿದೆ.

ಅಲ್ಲಿ ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ, ಚೀಲ ಕಂಕುಳಲ್ಲಿ ಒತ್ತಿಕೊಂಡು, ಮಾಮಾ ಆರಾಮವಾಗಿ ಕೂತಿದ್ದರು.

"ಮಾಮಾ, ಇಲ್ಲಿ ಎಂತ ಮಾಡ್ತಾ ಇದ್ದೀರಿ?"

"ಬಾ ಅಮ್ಮಾ, ಕೂತ್ಕೋ. ಗಾಡಿ ಬಾಂದ್ರಾದಲ್ಲಿ ನಿಂತುಬಿಡ್ತು. ಇಳಿಯೋವಾಗ ಒಂಬತ್ತಾಯ್ತು. ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ. ರಾಹುಕಾಲದಲ್ಲಿ ಹೊಸ ಮನೆಗೆ ಕಾಲಿಡೋದು, ಹಣ ಕೊಡೋದು, ಎರಡೂ ಇಲ್ಲ."

"ಹತ್ತೂವರೆಗೆ ಇಲ್ಲಿ ಕೊಟ್ಟರೆ ನಾನು ಅಂಧೇರಿಗೆ ಹೋಗಿ ಕ್ಯೂ ಹಿಡಿಯೋದು ಯಾವಾಗ? ಇವತ್ತು ಕಡೇ ದಿನ, ಊರೆಲ್ಲ ಅಲ್ಲೇ ಇರ್ತದೆ. ಹನ್ನೆರಡಕ್ಕೆ ಕಿಟಕಿ ಮುಚ್ತಾರೆ."

"ನಾನೇನು ಮಾಡಲಿ? ರಾಹು ನನ್ನ ಮಾತು ಕೇಳ್ತಾನಾ?"

ಜೀವಮಾನದಲ್ಲಿ ನಾನು ತುಂಬ ಜನರ ಜೊತೆ ಚೌಕಾಸಿ ಮಾಡಿದ್ದೇನೆ. ರಾಹುವಿನ ಜೊತೆ ಅದೇ ಮೊದಲು. ಅವರ ಪಕ್ಕ ಕೂತೆ.

"ಮಾಮಾ, ಮನೆಯಿಂದ ಹೊರಟದ್ದು ರಾಹುಕಾಲಕ್ಕೆ ಮೊದಲೇ ಅಲ್ವಾ?"

"ಮೊದಲೇ."

"ಹೊರಟ ಮೇಲೆ ದಾರಿಯಲ್ಲಿ ರಾಹುಕಾಲ ಬಂದರೆ?"

"ಅದಕ್ಕೆ ದೋಷ ಇಲ್ಲ. ಪ್ರಯಾಣ ನಡೀತಾನೇ ಇದೆ."

"ಹಾಗಾದರೆ ಇನ್ನೊಂದು ಸ್ಟೇಷನ್ ನಡೆಯಲಿ. ನನ್ನ ಜೊತೆ ಅಂಧೇರಿಗೆ ಬನ್ನಿ. ಕ್ಯೂನಲ್ಲಿ ನಿಲ್ಲುವುದು ಕೊಡುವುದೂ ಅಲ್ಲ, ತೆಗೆದುಕೊಳ್ಳುವುದೂ ಅಲ್ಲ. ಚೀಲ ನಿಮ್ಮ ಕಂಕುಳಲ್ಲೇ ಇರಲಿ. ಹತ್ತೂವರೆಗೆ ಅಲ್ಲೇ ಕೊಡಿ."

ಮಾಮಾ ಬೆರಳು ಮಡಿಚಿ ಲೆಕ್ಕ ಹಾಕಿದರು. ಲೆಕ್ಕದ ಕಚೇರಿಯವರು, ತಪ್ಪು ಹುಡುಕುತ್ತಿದ್ದರು ಎಂದು ಕಾಣುತ್ತದೆ. ಸಿಗಲಿಲ್ಲ.

"ನೀನು ಲಾಯರ್ ಆಗಬೇಕಿತ್ತು ಅಮ್ಮಾ" ಎಂದು ಎದ್ದರು.

ಕಚೇರಿಯ ಹೊರಗೆ ಕ್ಯೂ ಗೇಟು ದಾಟಿ ರಸ್ತೆಗೆ ಬಂದಿತ್ತು. ಹನ್ನೆರಡರೊಳಗೆ ನಮ್ಮ ಸರದಿ ಬರುವುದಿಲ್ಲ ಎಂದೇ ಅಂದುಕೊಂಡೆ. ಆದರೆ ಆದದ್ದು ತಿರುಗುಮುರುಗು. ಅವತ್ತು ಇನ್ನೊಂದು ಕಿಟಕಿ ತೆರೆದರು, ಕ್ಯೂ ಸರಸರ ಮುಂದೆ ಹೋಯಿತು. ನೋಡನೋಡುತ್ತಾ ನನ್ನ ಮುಂದೆ ಇಬ್ಬರೇ ಉಳಿದರು. ಮಾಮಾನ ಗಡಿಯಾರದಲ್ಲಿ ಇನ್ನೂ ಹತ್ತೂಕಾಲು.

ರೇಷನ್ನಿನ ಕ್ಯೂನಲ್ಲಾಗಲಿ ಹಾಲಿನ ಕ್ಯೂನಲ್ಲಾಗಲಿ ನಾನು ಯಾರಿಗೂ ಜಾಗ ಬಿಟ್ಟವಳಲ್ಲ. ಅವತ್ತು ಹಿಂದಿನವರಿಗೆ, "ದಾದಾ, ನೀವು ಹೋಗಿ" ಎಂದೆ. ಅವರ ಹಿಂದಿನವರಿಗೂ ಎಂದೆ. ಮೂರನೆಯವರು ಗುಜರಾತಿ ಸೇಟು. ಅವರು ಹೋಗಲಿಲ್ಲ, ನನ್ನನ್ನೇ ಅನುಮಾನದಿಂದ ನೋಡಿದರು.

"ಯಾಕೆ ಬೆಹನ್, ಮುಂದೆ ಏನಾಗ್ತಿದೆ? ಹಳೆ ಆಣೆ ತೆಗೆದುಕೊಳ್ಳುತ್ತಿಲ್ಲವಾ?"

"ಹಾಗಲ್ಲ ಸೇಟ್..."

ನಾನು ಮುಗಿಸುವಷ್ಟರಲ್ಲಿ ಹಿಂದಿನಿಂದ ಒಬ್ಬ, "ಆಣೆ ನಡೆಯೋದಿಲ್ಲವಂತೆ" ಎಂದ. ಅವನ ಹಿಂದೆ ಇನ್ನೊಬ್ಬ ಕೂಗಿದ. ಗೇಟಿನ ತನಕ ಸುದ್ದಿ ಹೋಗಿ, ಜನ ಕ್ಯೂ ಬಿಟ್ಟು ಕಿಟಕಿಗೆ ನುಗ್ಗಿದರು. ಕಚೇರಿಯ ಜವಾನ, ಪಟ್ಟೇವಾಲಾ, ಬಂದು, ಸರಿಯಾಗಿ ನಿಲ್ಲದಿದ್ದರೆ ಎರಡೂ ಕಿಟಕಿ ಮುಚ್ಚಿಸುತ್ತೇನೆ ಎಂದು ಗದರಿದ. ನನ್ನನ್ನು ಯಾರೋ ಗೋಡೆಗೆ ಒತ್ತಿದರು. ಮಾಮಾ ಎಲ್ಲಿ ಎಂದು ಕಾಣಲಿಲ್ಲ. ಚೀಲ ಎಲ್ಲಿ ಎಂದೂ ಕಾಣಲಿಲ್ಲ. ಆ ಕೆಲವು ನಿಮಿಷ ನಾನು ಪಟ್ಟ ಸಂಕಟ ಶತ್ರುವಿಗೂ ಬೇಡ. ಎಲ್ಲ ನನ್ನಿಂದಲೇ, ಒಂದು ಅತಿ ಬುದ್ಧಿಯಿಂದಲೇ ಕೆಟ್ಟಿತು ಎನಿಸಿತು. ಊರಿನ ಅಡುಗೆಕೋಣೆಯ ಹೊಗೆ ಕಣ್ಣಿಗೆ ಬಂದ ಹಾಗಾಯಿತು.

ಒಳಗಿನಿಂದ ಗುಮಾಸ್ತ ತಲೆ ಹೊರಗೆ ಹಾಕಿ, "ಆಣೆಯೂ ನಡೆಯುತ್ತದೆ, ನೋಟೂ ನಡೆಯುತ್ತದೆ, ಗದ್ದಲ ನಡೆಯುವುದಿಲ್ಲ" ಎಂದು ಕೂಗಿದ ಮೇಲೆ ಜನ ನಗುತ್ತಾ ಸಾಲಿಗೆ ಬಂದರು. ಆ ಸೇಟು ನನ್ನ ಕೈ ಹಿಡಿದು ಗೋಡೆಯಿಂದ ಬಿಡಿಸಿ, "ಈ ಬೆಹನ್ ನನ್ನ ಮುಂದೆ ಇದ್ದಳು" ಎಂದು ಜಾಗ ಕೊಡಿಸಿದರು. ಕಂಬದ ಹಿಂದಿನಿಂದ ಮಾಮಾ ಬಂದರು. ತಲೆಯ ಟೋಪಿ ಎಲ್ಲೋ ಬಿದ್ದುಹೋಗಿತ್ತು, ಚೀಲ ಕಂಕುಳಲ್ಲೇ ಇತ್ತು. ಗಡಿಯಾರ ನೋಡಿದರು. ಕಣ್ಣು ಮುಚ್ಚಿ ಏನೋ ಹೇಳಿಕೊಂಡರು. ನೋಟಿನ ಕಟ್ಟನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಕೈಗೆ ಕೊಟ್ಟರು.

"ಆಯ್ತು, ರಾಹು ಹೋದ. ಕಟ್ಟಮ್ಮಾ."

ಹಣ ಎಣಿಸಿಯಾಯಿತು. ಗುಮಾಸ್ತ ಬಿಲ್ಲನ್ನು ತಿರುಗಿಸಿ ನೋಡಿ, ಯಜಮಾನರ ಹೆಸರು ಓದಿ, ತಲೆ ಎತ್ತದೆ ಕೇಳಿದ. "ಮಾಲಕ ಕುಠೆ ಆಹೇತ?" ಮಾಲಕರು ಎಲ್ಲಿ?

ಅವನು ಹೊಸಬ, ಮೊದಲು ನಾನು ಕಂಡವನಲ್ಲ. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ದರ ಕೇಳಿದರೆ, ತೂಕ ಕೇಳಿದರೆ ನನ್ನ ಬಾಯಲ್ಲಿ ಉತ್ತರ ಸಿದ್ಧ ಇರುತ್ತದೆ. ಇದಕ್ಕೆ "ಅವರು" ಎಂದೆ, ಮುಂದಿನದು ಬರಲಿಲ್ಲ. ಎರಡೂವರೆ ತಿಂಗಳಿನಿಂದ ಓಡುತ್ತಲೇ ಇದ್ದವಳು ಆ ಕಿಟಕಿಯ ಕಬ್ಬಿಣದ ಸರಳು ಹಿಡಿದು ನಿಂತುಬಿಟ್ಟೆ. ಕಣ್ಣೀರು ಬಿಲ್ಲಿನ ಮೇಲೆ ಬೀಳುತ್ತಿತ್ತು. ಒರೆಸಿಕೊಳ್ಳಬೇಕು ಎಂದೂ ತೋಚಲಿಲ್ಲ. 

ಮಾಮಾ ನನ್ನ ಹಿಂದಿನಿಂದ ಮುಂದೆ ಬಂದು, ತಮ್ಮ ಮದ್ರಾಸಿ ಹಿಂದಿಯಲ್ಲಿ ಹೇಳಿದರು. "ಸಾಬ್, ಮಾಲಿಕ್ ಯೇ ಹೈ. ಯಹೀ ಹೈ ಮಾಲಿಕ್. ಹಮ್ ಕಿರಾಯೇದಾರ್." ಮಾಲಕರು ಇವರೇ, ನಾನು ಬಾಡಿಗೆದಾರ.

ಗುಮಾಸ್ತ ತಲೆ ಎತ್ತಿ ನನ್ನ ಹಣೆ ನೋಡಿದ. ಠಸ್ಸೆ ಒತ್ತಿ ರಸೀದಿ ಕೊಟ್ಟ. ಮೆಲ್ಲಗೆ, "ಹೆಸರು ಬದಲಾಯಿಸುವ ಅರ್ಜಿ ಕೊಡಿ ಬಾಯಿ, ತಡ ಮಾಡಬೇಡಿ" ಎಂದ.

ಮರುದಿನ ಅಮಾವಾಸ್ಯೆ. ಮಾಮಿ ನಮ್ಮಿಬ್ಬರನ್ನೂ ಕರೆಸಿದ್ದರು. ಹಾಲು ಉಕ್ಕುವ ಹೊತ್ತಿಗೆ ಅತ್ತಿಗೆ ನನ್ನ ಸೆರಗು ಹಿಡಿದು ಹಿಂದಕ್ಕೆ ಎಳೆದರು, ನಮ್ಮಂಥವರು ಎದುರಿಗೆ ನಿಲ್ಲಬಾರದು ಎಂದು. ಮಾಮಿ ಒಲೆಯ ಮುಂದಿನಿಂದಲೇ, "ಮನೆಯವರೇ ಹಿಂದೆ ಹೋದರೆ ನಾನು ಯಾರನ್ನ ಕೇಳಿ ಒಲೆ ಹಚ್ಚಲಿ? ಬನ್ನಿ ಈ ಕಡೆ" ಎಂದರು. ಹೋದೆವು. ಆಮೇಲೆ ಬಾವಿಕಟ್ಟೆಯ ಮೇಲೆ ಬಾಳೆ ಎಲೆಯಲ್ಲಿ ಕಾಗೆಗೆ ಅನ್ನ ಇಟ್ಟರು. ಎರಡು ಎಲೆ ಇತ್ತು. ಎರಡನೆಯದು ಯಾರಿಗೆಂದು ನಾವು ಕೇಳಲಿಲ್ಲ. ಅತ್ತಿಗೆ ಅದರ ಮೇಲೆ ಒಂದು ಹಪ್ಪಳ ಮುರಿದು ಇಟ್ಟರು, ತಮ್ಮನಿಗೆ ಇಷ್ಟ ಎಂದು.

ಅತ್ತಿಗೆ ಊರಿಗೆ ಹಿಂತಿರುಗಲಿಲ್ಲ. ಮಾಟುಂಗದ ಖೋಲಿಯಲ್ಲಿ ನನ್ನ ಜೊತೆ ಹಪ್ಪಳ ಲಟ್ಟಿಸುತ್ತಾ ಇದ್ದುಬಿಟ್ಟರು. ಈಗ ನೀರನ್ನು ಕೇಳಿ ಕುಡಿಯುವುದಿಲ್ಲ. ಹಿಟ್ಟು ಗಟ್ಟಿಯಾಯಿತೆಂದು ನನ್ನನ್ನೇ ಗದರುತ್ತಾರೆ.

ಮುಂದಿನ ವರ್ಷ ತೆರಿಗೆ ಕಟ್ಟಲು ನಾನು ಮಾರ್ಚ್ ತನಕ ಕಾಯಲಿಲ್ಲ. ಬಿಲ್ಲು ಬಂದ ವಾರವೇ ಹೋದೆ. ಅದೇ ಕಿಟಕಿ, ಅದೇ ಗುಮಾಸ್ತ. ನನ್ನ ಗುರುತು ಅವನಿಗೆ ಸಿಕ್ಕಲಿಲ್ಲ. ಬಿಲ್ಲಿನ ಮೇಲಿದ್ದ ಹೊಸ ಹೆಸರು ಓದಿ, ತಲೆ ಎತ್ತದೆ, "ಮಾಲಕ ಕೋಣ್?" ಎಂದ. ಯಾರು ಎಂದು.

"ನಾನೇ" ಎಂದೆ.

ಒಂದು ಮಾತು ಹೇಳುವುದು ಬಿಟ್ಟುಹೋಯಿತು. ಅವತ್ತೂ ಶನಿವಾರ. ನನಗೆ ರಾಹುಕಾಲದಲ್ಲಿ ನಂಬಿಕೆ ಇಲ್ಲ. ಒಂಬತ್ತೂವರೆಗೇ ಅಲ್ಲಿ ಮುಟ್ಟಿದ್ದೆ, ಕ್ಯೂನಲ್ಲಿ ಒಬ್ಬರೂ ಇರಲಿಲ್ಲ. ಆದರೂ ಹೊರಗಿನ ಕಟ್ಟೆಯ ಮೇಲೆ ಚೀಲ ಕಂಕುಳಲ್ಲಿ ಇಟ್ಟುಕೊಂಡು ಹತ್ತೂವರೆ ಆಗುವ ತನಕ ಕೂತಿದ್ದೆ.